ಖಾಲಿ ಮೂಸೆಗೆ ಕೊಟ್ಟ ಬೆಂಕಿ

ಲೋಹ ಕರಗಿಸುವ ಮಣ್ಣಿನ ಮೂಸೆಯ ಮುಚ್ಚಳ ಎತ್ತಿದಾಗ ಅದರ ಬಾಯಿಯ ಸುತ್ತ ಹಸಿರು ಉರಿ ಎದ್ದಿತ್ತು. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಆ ಹಸಿರು ಗಿಳಿಯ ರೆಕ್ಕೆಯಷ್ಟು ಗಾಢವಾಗಿತ್ತೋ, ಬಾಳೆಯ ಸುಳಿಯಷ್ಟು ಎಳೆಯದಾಗಿತ್ತೋ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತೇನೆ. ಒಂದೊಂದು ಸಲ ಒಂದೊಂದು ಬಣ್ಣ ನೆನಪಾಗುತ್ತದೆ. ನನ್ನ ನೆನಪು ಕಂಡದ್ದರ ಜೊತೆಗೆ ಆಮೇಲೆ ಕೇಳಿದ್ದನ್ನೂ ಬೆರೆಸಿ, ಎರಡೂ ಒಂದೇ ಎಂಬಂತೆ ಮುಂದೆ ತಂದಿಡುತ್ತದೆ. ಆದ್ದರಿಂದ ಗೊತ್ತಿದ್ದದ್ದನ್ನು ಗೊತ್ತು ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಬರೆಯುತ್ತೇನೆ.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಕಾಲ. ಪುಣೆಯ ಕಸಬಾ ಪೇಟೆಯ ಒಂದು ವಾಡೆಯ, ಅಂದರೆ ಅಂಗಳದ ಸುತ್ತ ಕಟ್ಟಿದ ಹಳೆಯ ದೊಡ್ಡ ಮನೆಯ, ಮಹಡಿಯಲ್ಲಿ ನನ್ನ ಬಾಡಿಗೆಯ ಕೋಣೆ. ಬೆಳಗ್ಗೆ ಹೊಳೆ ದಾಟಿ ಭಾಂಬುರ್ಡೆಯ ಕಡೆಯ ಕಾಲೇಜಿಗೆ ಹೋಗಿ ವಿದ್ಯಾರ್ಥಿಗಳಿಂದ ರಸಾಯನಶಾಸ್ತ್ರದ ಪ್ರಯೋಗ ಮಾಡಿಸುವುದು ಕೆಲಸ. ಸಂಜೆ ಕೋಣೆಯಲ್ಲಿ ಕೂರಲಾರದೆ ಪೇಟೆ ಸುತ್ತುವುದು ಅಭ್ಯಾಸ. ವಾಡೆಯ ಕೆಳಭಾಗದಲ್ಲಿ ಬೆಳಗಾವಿಯ ಕಡೆಯ ಒಬ್ಬ ಆಯುರ್ವೇದದ ವೈದ್ಯರು ಮತ್ತು ಅವರ ಅಕ್ಕ ಇದ್ದರು. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ವೈದ್ಯರ ತಲೆ ಪೂರ್ತಿ ನರೆತಿದ್ದರೂ ಅವರನ್ನು ಇನ್ನೂ “ಲೇ ತಮ್ಮಾ” ಎಂದೇ ಕರೆಯುತ್ತಿದ್ದರು. ವಾಡೆಯವರಿಗೆಲ್ಲ ಆಕೆ ಅಕ್ಕಾವ್ರು.

ವೈದ್ಯರಿಗೂ ನನಗೂ ಅಂಗಳದಲ್ಲಿ ಕೂತು ವಾದ ಮಾಡುವ ರೂಢಿ ಬಿದ್ದಿತ್ತು.

“ಕೇಳಿದ್ದು ನಂಬೂದಿಲ್ಲ, ಕಂಡದ್ದೂ ನಂಬೂದಿಲ್ಲ. ಉಂಡದ್ದಾದ್ರೂ ನಂಬ್ತೀರೋ ಇಲ್ಲೋ ಮಾಸ್ತರ?” ಎಂದು ಅವರು ಕೆಣಕುತ್ತಿದ್ದರು.

“ಹಸಿವಿ ಹೋದ್ರ ನಂಬ್ತೀನ್ರಿ.”

“ಹಂಗಾರ ನನ್ನ ಔಷಧಾನೂ ನಂಬ್ರಿ. ಜಡ್ಡು ಹೋಗ್ತದ.”

“ಜಡ್ಡು ತಾನಾಗೇ ಹೋತೋ, ಔಷಧಕ್ಕ ಹೋತೋ, ಹ್ಯಾಂಗ ಹೇಳ್ತೀರಿ?”

ಒಳಗಿನಿಂದ ಅಕ್ಕ ಕೂಗುತ್ತಿದ್ದರು: “ಹೋತಲ್ಲ, ಅಷ್ಟಕ್ಕ ಬಿಡ್ರೋ! ಅದರ ಬೆನ್ನು ಹತ್ತಿ ವಿಚಾರಣಿ ಮಾಡಿದ್ರ ತಿರುಗಿ ಬಂದೀತು.”

ಆ ವರ್ಷ ಅದು ತಿರುಗಿಯೇ ಬಂತು. ಮಳೆ ಹಿಂದೆ ಸರಿಯುವ ಹೊತ್ತಿಗೆ ಅಕ್ಕನಿಗೆ ಹಳೆಯ ಚಳಿಜ್ವರ ಕಾಣಿಸಿಕೊಂಡಿತು. ಹಲ್ಲು ಕಟಕಟ ಎನ್ನುವ ಚಳಿ, ಆಮೇಲೆ ಬೆಂಕಿಯಂಥ ಮೈ, ಆಮೇಲೆ ಬೆವರು. ಒಂದು ದಿನ ಬಿಡುವು, ಮತ್ತೆ ಅದೇ. ಹಿಂದಿನ ವರ್ಷವೂ ಹೀಗೇ ಆಗಿ ವೈದ್ಯರ ತಾಮ್ರದ ಭಸ್ಮ ತೆಗೆದುಕೊಂಡು ಎದ್ದಿದ್ದರು ಎಂಬುದು ಅಕ್ಕ–ತಮ್ಮರ ನಂಬಿಕೆ. ಆ ಭಸ್ಮ ಹೆಚ್ಚುಕಡಿಮೆ ಮುಗಿದುಹೋಗಿತ್ತು. ಚಳಿಗಾಲದಲ್ಲಿ ಮಾಡಿಟ್ಟ ಹೊಸ ಭಸ್ಮವನ್ನು ಜೇನಿನಲ್ಲಿ ಕಲಸಿ ಕೊಟ್ಟರು. ಅಕ್ಕ ವಾಂತಿ ಮಾಡತೊಡಗಿದರು. ಗಂಜಿಯೂ ಒಳಗೆ ನಿಲ್ಲದಾಯಿತು.

ಒಂದು ಬೆಳಗ್ಗೆ ವೈದ್ಯರು ಮೆಟ್ಟಿಲ ಬುಡದಲ್ಲಿ ನಿಂತು, “ಮಾಸ್ತರ, ಜರಾ ಕೆಳಗ ಬರ್ರಿ” ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ.

ಹಿತ್ತಿಲಲ್ಲಿ ಕೂರಿಸಿ ಹೇಳಿದರು. ತಾಮ್ರದ ತೆಳು ತಗಡನ್ನು ಶುದ್ಧಿ ಮಾಡಿ, ಗಂಧಕ ಮತ್ತು ನಿಂಬೆರಸದಲ್ಲಿ ಅರೆದು, ಬಿಲ್ಲೆ ತಟ್ಟಿ, ಎರಡು ಮಣ್ಣಿನ ತಟ್ಟೆಗಳ ನಡುವೆ ಇಟ್ಟು, ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಸೆಗಣಿಯ ಕುಳ್ಳು ತುಂಬಿದ ಗುಂಡಿಯಲ್ಲಿ ಸುಡುತ್ತಾರೆ. ಆರಿದ ಮೇಲೆ ತೆಗೆದು ಮತ್ತೆ ಅರೆದು ಮತ್ತೆ ಸುಡುತ್ತಾರೆ. ಹಾಗೆ ಸುಡುತ್ತಾ ಹೋದರೆ ತಾಮ್ರ ಕಪ್ಪು ಬೂದಿಯಾಗುತ್ತದೆ. ಇದಕ್ಕೆ ಅವರ ಮಾತಿನಲ್ಲಿ ಮಾರಣ ಎಂದು ಹೆಸರು: ಲೋಹವನ್ನು ಸಾಯಿಸುವುದು. ಸತ್ತದ್ದು ನಿಜವಾಗಿ ಸತ್ತಿದೆಯೇ ಎಂದು ನೋಡುವುದು ಕೊನೆಯ ಪರೀಕ್ಷೆ. ಭಸ್ಮಕ್ಕೆ ತುಪ್ಪ, ಜೇನು, ಗುಲಗಂಜಿ, ಬಿಳಿಗಾರ, ಗುಗ್ಗುಳ ಸೇರಿಸಿ ಅರೆದು, ಮಣ್ಣಿನ ಮೂಸೆಯಲ್ಲಿಟ್ಟು, ತಿದಿಯೊತ್ತಿ ಕಾಯಿಸಬೇಕು. ಈ ಐದನ್ನು ಅವರು ಮಿತ್ರರು ಎನ್ನುತ್ತಾರೆ. ಮಿತ್ರರೇ ಕರೆದರೂ ಲೋಹ ಎದ್ದು ಬರಬಾರದು. ಎದ್ದು ಬಂದರೆ ಅದು ಪುನರ್ಭವ. ಭಸ್ಮ ಹಸಿ ಇದೆ, ಹೊಟ್ಟೆಗೆ ವಿಷ ಎಂದು ಅರ್ಥ.

ಪುನರ್ಭವ ಎಂಬ ಮಾತನ್ನು ನಾನು ಅದುವರೆಗೆ ಪುರಾಣ ಹೇಳುವವರ ಬಾಯಲ್ಲಿ ಮಾತ್ರ ಕೇಳಿದ್ದೆ. ಒಲೆಯ ಮುಂದೆ ಕೂತವರೊಬ್ಬರು ಅದನ್ನು ಬೆಂಕಿ, ಇದ್ದಿಲು ಎನ್ನುವಷ್ಟು ಸಹಜವಾಗಿ ಆಡಿದ್ದು ಕೇಳಿ ಬೆರಗಾಯಿತು.

“ಪರೀಕ್ಷಾ ನೀವೇ ಮಾಡಬಹುದಲ್ರಿ?” ಎಂದೆ.

“ಚಳಿಗಾಲದಾಗ ಮಾಡಿದ್ದೆ. ಎದ್ದಿರಲಿಲ್ಲ. ಎದ್ದಿರಲಿಲ್ಲ ಅಂತ ನೆನಪು. ಆದ್ರ ಈಗ ಅಕ್ಕನ ಹೊಟ್ಟಿ ಪ್ರಶ್ನಿ ಅದ. ನಂಗ ಏನು ಬೇಕೋ ಅದನ್ನ ನನ್ನ ಕಣ್ಣು ನೋಡ್ತಾವು. ನೀವು ಯಾವುದನ್ನೂ ನಂಬದ ಮನಿಷಾ. ಅದಕ್ಕ ಕರದೆ.”

ದವಾಖಾನೆಯಲ್ಲಿ ಕ್ವಿನೈನ್ ಕೊಡುತ್ತಾರೆ, ಕರೆದುಕೊಂಡು ಹೋಗಿ ಎಂದು ನಾನು ಮೊದಲೇ ಹೇಳಿದ್ದೆ. ಅಕ್ಕ ಒಪ್ಪಿರಲಿಲ್ಲ. “ನನ್ನ ತಮ್ಮನ ಕೈ ಔಷಧ ಬಿಟ್ಟು ಬ್ಯಾರೇದು ಒಲ್ಲೆ. ನನ್ನ ಭಸ್ಮ ಹಸಿ ಅದ ಅಂತ ಅವನಾ ತನ್ನ ಬಾಯಿಂದ ಹೇಳಲಿ, ಆವಾಗ ನೋಡೋಣು” ಎಂದಿದ್ದರು. ವೈದ್ಯರು ಸುಳ್ಳು ಹೇಳುವವರಲ್ಲ. ಹಾಗಾಗಿ ಅಕ್ಕ ಯಾವ ಔಷಧ ತೆಗೆದುಕೊಳ್ಳಬೇಕು, ಇನ್ನೆಷ್ಟು ದಿನ ಹೀಗೆ ಸೊರಗಬೇಕು ಎಂಬುದೆಲ್ಲ ಆ ಮೂಸೆಯ ಮೇಲೆ ನಿಂತಿತು.

ಕೆಲಸದ ಆರಂಭವೇ ಕೆಟ್ಟಿತು. ಕುಂಬಾರನಿಂದ ತಂದ ಹೊಸ ಮೂಸೆ ಬೆಂಕಿ ತಾಕಿದ್ದೇ ಟಪ್ಪೆಂದು ಸೀಳಿತು. ವೈದ್ಯರಿಗೆ ಅದು ಆಶ್ಚರ್ಯವೆನಿಸಲಿಲ್ಲ. ಹೊಸ ಮಣ್ಣನ್ನು ನಂಬಬಾರದು, ಬೆಂಕಿಯಲ್ಲಿ ಪಳಗಿದ ಪಾತ್ರೆಯೇ ಆಗಬೇಕು ಎಂಬುದು ಅವರ ಮನೆತನದ ಕಟ್ಟುನಿಟ್ಟು. ಅಕ್ಕನ ಅಡುಗೆಮನೆಯಲ್ಲೂ ಅದೇ ನಿಯಮ. ಹೊಸ ಗಡಿಗೆ ಎಷ್ಟೋ ದಿನ ಬರೀ ನೀರು ಕಾಸಿಕೊಂಡಿದ್ದು ಆಮೇಲೆ ಸಾರಿಗೆ ಯೋಗ್ಯವಾಗುತ್ತಿತ್ತು. ವೈದ್ಯರು ಪಕ್ಕದ ತಾಂಬಟ ಆಳಿಗೆ, ಅಂದರೆ ತಾಮ್ರದ ಪಾತ್ರೆ ಬಡಿಯುವವರ ಓಣಿಗೆ ಹೋಗಿ, ಅಲ್ಲಿ ಲೋಹ ಕರಗಿಸುವ ಪರಿಚಯದವನಿಂದ ಒಂದು ಹಳೆಯ ಮೂಸೆ ಇಸಿದುಕೊಂಡು ಬಂದರು. “ಅಗದೀ ಪಕ್ಕೀ ಆಹೆ”, ಪೂರಾ ಗಟ್ಟಿಯಾಗಿದೆ ಎಂದು ಅವನು ಬೆರಳಿನಿಂದ ತಟ್ಟಿ ತೋರಿಸಿದನಂತೆ. ನಾವೂ ತಟ್ಟಿ ನೋಡಿದೆವು. ಕಂಚಿನ ಬಟ್ಟಲಿನ ಹಾಗೆ ನಾದ ಬಂತು.

ಅದರಲ್ಲಿ ಭಸ್ಮವನ್ನೂ ಐದು ಮಿತ್ರರನ್ನೂ ತುಂಬಿ, ಇದ್ದಿಲ ನಡುವೆ ಕೂರಿಸಿ, ವೈದ್ಯರು ತಿದಿ ಒತ್ತಿದರು. ಮೊದಲು ತುಪ್ಪ, ಗುಗ್ಗುಳ ಸುಟ್ಟ ಹೊಗೆ ಬಂದು ಹಿತ್ತಿಲೆಲ್ಲ ಹೋಮದ ವಾಸನೆಯಾಯಿತು. ಆಮೇಲೆ ಮೂಸೆ ಕೆಂಪಾಗಿ, ಕಿತ್ತಳೆಯಾಗಿ, ಕಣ್ಣು ಕೋರೈಸುವ ಹಳದಿಯಾಯಿತು. ಇಕ್ಕಳದಿಂದ ಮುಚ್ಚಳ ಎತ್ತಿದೆ. ಆಗ ಕಂಡದ್ದೇ ಆ ಹಸಿರು ಉರಿ, ತಾಮ್ರದ ಗುರುತು.

ಆರಿದ ಮೇಲೆ ತಳದಲ್ಲಿ ಹೆಪ್ಪುಗಟ್ಟಿದ ಕಿಟ್ಟವನ್ನು ತೆಗೆದು ಕುಟ್ಟಿದೆ. ಕಪ್ಪು ಗಾಜಿನಂಥ ಚೂರುಗಳ ನಡುವಿನಿಂದ ಒಂದು ಮಣಿ ಉರುಳಿ ಅಂಗೈಗೆ ಬಂತು. ಕೆಂಪು, ದುಂಡು, ಆಗತಾನೆ ಹುಟ್ಟಿದ ಹಾಗೆ ಹೊಳೆಯುತ್ತಿತ್ತು. ತಾಮ್ರದ ಅದಿರಿನಿಂದ ತಾಮ್ರ ತೆಗೆಯುವ ಪಾಠವನ್ನು ಎಷ್ಟು ಸಲ ಹಲಗೆಯ ಮೇಲೆ ಬರೆದಿದ್ದೆನೋ. ಆದರೂ ಮಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಗಂಧಕದಲ್ಲಿ ಅರೆದು, ಹುಳಿಯಲ್ಲಿ ನೆನೆಸಿ, ಗುಂಡಿಯಲ್ಲಿ ಹೂತು, ಮತ್ತೆ ಮತ್ತೆ ಸುಟ್ಟು ಬೂದಿ ಮಾಡಿದ್ದರೂ ಅದು ತಾನು ಏನಾಗಿತ್ತು ಎಂಬುದನ್ನು ಮರೆತಿರಲಿಲ್ಲ. ನಿನ್ನೆ ಯಾರೊಡನೆ ಏನು ಮಾತಾಡಿದೆ ಎಂಬುದೇ ನನಗೆ ನೆಟ್ಟಗೆ ನೆನಪಿರುವುದಿಲ್ಲ.

ವೈದ್ಯರು ಮಣಿಯನ್ನು ನೋಡಿದರು, ಮುಟ್ಟಲಿಲ್ಲ. “ಎದ್ದು ಬಂತು” ಎಂದು ನೆಲದ ಮೇಲೆ ಕೂತುಬಿಟ್ಟರು.

“ಏನ್ ಬಂತೋ?” ಒಳಗಿನಿಂದ ಅಕ್ಕ ಕೇಳಿದರು.

“ತಾಮ್ರ ಅಕ್ಕಾ. ತಿರುಗಿ ಬಂತು.”

“ಜ್ವರಾನೂ ತಿರುಗಿ ಬಂತು, ತಾಮ್ರಾನೂ ತಿರುಗಿ ಬಂತು. ನನ್ನ ಮೈಯಾಗಿನ ಕಸುವೊಂದು ತಿರುಗಿ ಬರವಲ್ದು ನೋಡು.”

ವೈದ್ಯರಿಗೆ ನಗು ಬರಲಿಲ್ಲ. ಆ ದಿನ ಅವರು ಅಕ್ಕನಿಗೆ ಭಸ್ಮ ಕೊಡಲಿಲ್ಲ. ಹಸಿ ಎಂಬ ಮಾತನ್ನೂ ಬಾಯಿಬಿಟ್ಟು ಹೇಳಲಿಲ್ಲ. “ನಾಳೆ ಹೇಳ್ತೀನಿ” ಎಂದು ನನಗೆ ಪಿಸುಗುಟ್ಟಿದರು.

ನನಗೆ ಬೇಕಾದ ಉತ್ತರವೇ ಸಿಕ್ಕಿತ್ತು. ನಾಳೆ ಅವರು ಹೇಳುತ್ತಾರೆ, ಅಕ್ಕ ಕ್ವಿನೈನ್ ತೆಗೆದುಕೊಳ್ಳುತ್ತಾರೆ. ಮರುದಿನ ಸಮಾಧಾನದಿಂದಲೇ ಕಾಲೇಜಿಗೆ ಹೊರಟೆ. ತಾಂಬಟ ಆಳಿಯಲ್ಲಿ ಬಡಿತ ಶುರುವಾಗಿತ್ತು. ಒಂದು ಬಾಗಿಲ ಮುಂದೆ ಒಡೆದ ಹಳೆಯ ಮೂಸೆಗಳ ರಾಶಿ ಬಿದ್ದಿತ್ತು. ಅವುಗಳ ಒಳಮೈಗೆ ಗಾಜಿನಂಥ ಲೇಪ ಹಿಡಿದಿತ್ತು. ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಹಸಿರು. ನಿಂತೆ. ನಮ್ಮ ಮೂಸೆಯ ಒಳಗೂ ಹೀಗೆ ಇತ್ತೇ?

ನೆನಪು ಮಾಡಿಕೊಂಡೆ. ಒಳಗೆ ಕೈಯಾಡಿಸಿದ್ದು ನೆನಪಾಯಿತು, ನುಣ್ಣಗೆ, ಸ್ವಚ್ಛವಾಗಿತ್ತು. ಮತ್ತೊಮ್ಮೆ ನೆನಪು ಮಾಡಿಕೊಂಡೆ. ಈ ಸಲ ತಳದಲ್ಲಿ ಕೆಂಪು ಮಿಂಚಿತು. ಮೂರನೆಯ ಸಲ ಕೈಯಾಡಿಸಿದ್ದು ನಾನೋ ವೈದ್ಯರೋ ಎಂಬುದೇ ತಿಳಿಯದಾಯಿತು. ಸೇತುವೆಯವರೆಗೆ ಹೋದೆ. ಕೆಳಗೆ ಹೊಳೆಯಲ್ಲಿ ಮಳೆಗಾಲದ ಕೆಂಪು ನೀರು ಇನ್ನೂ ತಿಳಿಯಾಗಿರಲಿಲ್ಲ. ಸುಮ್ಮನಿದ್ದುಬಿಡು, ಅಕ್ಕನಿಗೆ ಒಳ್ಳೆಯದೇ ಆಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಆದರೆ ವೈದ್ಯರು ನನ್ನನ್ನು ಯಾವುದನ್ನೂ ನಂಬದವನೆಂದು ನಂಬಿ ಕರೆದಿದ್ದರು. ನನಗೆ ಅನುಕೂಲವಾಗಿದೆ ಎಂದು ಒಂದು ಮಣಿಯನ್ನು ನಂಬಿಬಿಟ್ಟರೆ ಆ ಕರೆಗೆ ಅರ್ಥವೇನು? ಅಲ್ಲಿಂದಲೇ ಹಿಂದಿರುಗಿದೆ.

“ವೈದ್ಯರ, ಅಕ್ಕಾವ್ರಿಗೆ ಇನ್ನೂ ಹೇಳಬ್ಯಾಡ್ರಿ. ಖಾಲಿ ಮೂಸಿಗೆ ಬೆಂಕಿ ಕೊಡೋಣು.”

“ಖಾಲಿ ಮೂಸಿಗೆ? ಬುದ್ಧಿ ನೆಟ್ಟಗ ಅದನೋ ಇಲ್ಲೋ?”

“ಭಸ್ಮ ಹಾಕದ, ಬರೇ ಐದು ಮಿತ್ರರನ್ನ ಹಾಕಿ ಕಾಸೋಣು. ಏನೂ ಬರಲಿಲ್ಲಂದ್ರ ನಿನ್ನೆ ಬಂದ ತಾಮ್ರ ಭಸ್ಮದ್ದು. ಏನರೆ ಬಂತಂದ್ರ ಮೂಸೀದು.”

ಅವರು ನಿನ್ನೆಯ ಕಿಟ್ಟದ ಚೂರೂ ಉಳಿಯದಂತೆ ಮೂಸೆಯನ್ನು ಕೆರೆದು ತೊಳೆದರು. ನಿನ್ನೆಯ ಬೆಂಕಿಯನ್ನೇ ಮತ್ತೆ ಮಾಡಿದೆವು. ಅದೇ ಇದ್ದಿಲು, ಅದೇ ತಿದಿ, ಅದೇ ಹೋಮದ ಹೊಗೆ. ಮುಚ್ಚಳ ಎತ್ತಿದೆ. ಭಸ್ಮವನ್ನೇ ಇಡದ ಮೂಸೆಯ ಬಾಯಲ್ಲಿ ಹಸಿರು ಉರಿ ನಿಂತಿತ್ತು.

ಕಿಟ್ಟ ಕುಟ್ಟಿದಾಗ ಬಂದ ಮಣಿ ನಿನ್ನೆಯದಕ್ಕಿಂತ ಸಣ್ಣದು, ಆದರೆ ತಾಮ್ರವೇ. ಯಾವ ಕಾಲದಲ್ಲಿ ಯಾರ ಕೊಡವೋ ಹಂಡೆಯೋ ಆ ಮೂಸೆಯಲ್ಲಿ ಕರಗಿತ್ತೋ, ಅದರ ಅಂಶ ಗೋಡೆಯೊಳಗೆ ಅಡಗಿ ಕೂತಿದ್ದು, ಕರೆದದ್ದೇ ಎದ್ದು ಬಂದಿತ್ತು. ಪಳಗಿದ್ದು ಎಂದು ನಾವು ನಂಬಿದ ಗುಣವೇ ಅದರ ದೋಷವಾಗಿತ್ತು. ನನಗೆ ಮೈ ಜುಮ್ಮೆಂದಿತು. ಅದು ಭಯವಲ್ಲ. ಇಲ್ಲವೆಂದುಕೊಂಡ ಜಾಗದಲ್ಲಿ ಇಷ್ಟೊಂದು ಇರುತ್ತದಲ್ಲ ಎಂಬ ಬೆರಗು.

ವೈದ್ಯರ ಮುಖ ಅರಳಿತು. “ಅಂದ್ರ ನನ್ನ ಭಸ್ಮದ ತಪ್ಪಿಲ್ಲ!” ಎನ್ನುತ್ತಲೇ ಎದ್ದು ಔಷಧದ ಭರಣಿಯ ಕಡೆ ಹೊರಟರು. ಅವರನ್ನು ಎಂದೂ ಮುಟ್ಟದಿದ್ದ ನಾನು ತೋಳು ಹಿಡಿದೆ.

“ತಪ್ಪಿಲ್ಲ ಅಂತ ಇದು ಹೇಳಿಲ್ರಿ. ನಿನ್ನೆ ಸಾಕ್ಷಿ ಹೇಳಿದ ಮೂಸಿ ಸುಳ್ಳುಗಾರ ಅಂತ ಅಷ್ಟ ಹೇಳ್ಯದ. ಭಸ್ಮದ ಸಂಗತಿ ನಮಗ ಇನ್ನೂ ಏನೂ ಗೊತ್ತಿಲ್ಲ.”

“ನಿನ್ನೆ ಭಸ್ಮ ಕೆಟ್ಟದ್ದು, ಇವತ್ತ ಮೂಸಿ ಕೆಟ್ಟದ್ದು. ನಾಳೆ ಬೆಂಕೀನೂ ಕೆಟ್ಟದ್ದು ಅಂತೀರಿ. ಅಲ್ಲೀತನಕ ಅಕ್ಕ ಏನ್ ಮಾಡಬೇಕು?” ಅವರ ದನಿ ಏರಿತು.

“ಲೇ ತಮ್ಮಾ,” ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದರು. ಜ್ವರ ಬಿಟ್ಟ ಹೊತ್ತು. ಹಣೆಯ ಮೇಲೆ ಬೆವರಿತ್ತು. “ಒಲೀ ಮ್ಯಾಲೆ ಇಟ್ಟದ್ದು ಪೂರ್ತಿ ಬೇಯಲಿ. ಜಗಳಾ ಆಮ್ಯಾಲೆ ಮಾಡ್ರಿ. ನಾ ಎಲ್ಲಿಗೂ ಹೋಗೂದಿಲ್ಲ, ಇಲ್ಲೇ ಇರ್ತೀನಿ.”

ಆ ಕೊನೆಯ ಮಾತನ್ನು ನಮ್ಮಿಬ್ಬರಿಗೂ ಧೈರ್ಯ ಹೇಳುವವರಂತೆ ಆಡಿದರು.

ಈ ಸಲ ಮೂಸೆಗಳನ್ನು ನಾವೇ ಮಾಡಿದೆವು. ಜೇಡಿಮಣ್ಣಿಗೆ ಭತ್ತದ ಹೊಟ್ಟಿನ ಬೂದಿ, ಕತ್ತರಿಸಿದ ಸೆಣಬಿನ ನಾರು ಸೇರಿಸಿ ಒನಕೆಯಿಂದ ಕುಟ್ಟಿ, ಕೈಯಲ್ಲಿ ತಟ್ಟಿ, ನೆರಳಿನಲ್ಲಿ ಒಣಗಿಸಿದೆವು. ಅವಸರಪಟ್ಟು ಬಿಸಿಲಿಗಿಟ್ಟ ಒಂದು ಬಿರುಕು ಬಿಟ್ಟಿತು. ಉಳಿದವನ್ನು ಏನೂ ತುಂಬದೆ ನಿಧಾನ ಬೆಂಕಿಯಲ್ಲಿ ಪಳಗಿಸಿದೆವು. ಅವುಗಳ ಹತ್ತಿರ ಲೋಹ ಸುಳಿಯದಂತೆ ನೋಡಿಕೊಂಡೆವು. ಈ ನಡುವೆ ಜ್ವರ ಮತ್ತೆ ಬಂದು ಹೋಯಿತು. ಅಕ್ಕನ ನರಳಾಟ ಕೇಳಿದಾಗಲೆಲ್ಲ ವೈದ್ಯರು ಭರಣಿಯ ಕಡೆ ನೋಡುತ್ತಿದ್ದರು; ಆಮೇಲೆ ನನ್ನ ಕಡೆ. ನಾನು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ.

ಭರಣಿಯ ಪಕ್ಕದಲ್ಲಿ ಸಣ್ಣ ಸೀಸೆಯೊಂದಿತ್ತು. ಹಿಂದಿನ ವರ್ಷ ಅಕ್ಕನಿಗೆ ಕೊಟ್ಟ ಭಸ್ಮ ಅದರ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು. ಅದೂ ಪರೀಕ್ಷೆಗೆ ಬೇಕು ಎಂದೆ. ವೈದ್ಯರು ಬಹಳ ಹೊತ್ತು ಸೀಸೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಅಕ್ಕನಿಗೆ ಹಿಡಿಸಿದ್ದು ಎಂದು ಅವರು ನಂಬಿದ ಔಷಧದಲ್ಲಿ ಉಳಿದದ್ದು ಅಷ್ಟೇ. ಕೊನೆಗೆ ನನ್ನ ಕೈಗಿಟ್ಟರು.

ಎರಡು ಹೊಸ ಮೂಸೆಗಳು, ಒಂದೇ ಒಲೆ. ಒಂದರಲ್ಲಿ ಹಳೆಯ ಭಸ್ಮ, ಇನ್ನೊಂದರಲ್ಲಿ ತೂಕಕ್ಕೆ ಸರಿಯಾಗಿ ಅಷ್ಟೇ ಹೊಸ ಭಸ್ಮ. ಎರಡಕ್ಕೂ ಸಮನಾಗಿ ಮಿತ್ರರು. ತಿದಿಯನ್ನು ಸರದಿಯ ಮೇಲೆ ಒತ್ತಿದೆವು. ಎರಡೂ ಮೂಸೆಗಳು ಜೊತೆಯಾಗಿ ಕೆಂಪಾದವು, ಜೊತೆಯಾಗಿ ಹಳದಿಯಾದವು. ಮುಚ್ಚಳ ಎತ್ತಿದೆ. ಒಂದರ ಬಾಯಲ್ಲಿ ಬರೀ ಬಿಳಿ ಹೊಗೆ. ಇನ್ನೊಂದರ ಅಂಚಿನಲ್ಲಿ ನೂಲಿನಷ್ಟು ತೆಳುವಾಗಿ ಹಸಿರು.

ಆರುವವರೆಗೆ ಇಬ್ಬರೂ ಒಲೆಯ ಪಕ್ಕದಲ್ಲೇ ಕೂತೆವು. ಓಣಿಯ ಬಡಿತವೊಂದೇ ಕೇಳುತ್ತಿತ್ತು. ಹಳೆಯ ಭಸ್ಮದ ಕಿಟ್ಟವನ್ನು ಕುಟ್ಟಿ, ಜಾಲಿಸಿ, ಭೂತಗನ್ನಡಿಯಲ್ಲಿ ನೋಡಿದೆ. ಏನೂ ಇರಲಿಲ್ಲ. ಹೊಸದನ್ನು ಕುಟ್ಟಿದೆ. ಸಾಸಿವೆ ಕಾಳಿನಷ್ಟು ಪುಟ್ಟ ಮಣಿ ಸಿಕ್ಕಿತು.

ಇಲ್ಲಿ ಒಂದು ಮಾತು. ಇದ್ದಿಲು ಜೊತೆಗಿದ್ದು ಬೆಂಕಿ ಸಾಕಷ್ಟಿದ್ದರೆ ಎಂಥ ತಾಮ್ರದ ಬೂದಿಯೂ ತಾಮ್ರವಾಗಲೇಬೇಕು ಎಂದು ನಾನು ಕಲಿತಿದ್ದೇನೆ, ಕಲಿಸಿದ್ದೇನೆ. ಹಾಗಾದರೆ ಹಳೆಯ ಭಸ್ಮ ಏಕೆ ಏಳಲಿಲ್ಲ? ಬೆಂಕಿ ಒಂದು ಬದಿಗೆ ಕಡಿಮೆ ಬಿದ್ದಿತೋ, ಮಣಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕಿಟ್ಟದಲ್ಲೇ ಉಳಿಯಿತೋ, ಅಥವಾ ಅಷ್ಟೊಂದು ಸುಟ್ಟ ಮೇಲೆ ಅದು ನಿಜವಾಗಿಯೂ ಬೇರೆ ಏನೋ ಆಗಿಹೋಗಿತ್ತೋ, ನನಗೆ ಗೊತ್ತಿಲ್ಲ. ಮತ್ತೆ ನೋಡೋಣವೆಂದರೆ ಆ ಭಸ್ಮ ಮುಗಿದಿತ್ತು. ಅದು ಅಕ್ಕನ ಜ್ವರ ಬಿಡಿಸಿತ್ತು ಎಂದು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಒಂದೇ ಬೆಂಕಿಯಲ್ಲಿ ಅಕ್ಕಪಕ್ಕ ಕೂತು ಒಂದು ಎದ್ದಿತು, ಇನ್ನೊಂದು ಏಳಲಿಲ್ಲ. ಇದನ್ನು ಕಂಡೆ.

ವೈದ್ಯರು ಆ ಸಾಸಿವೆಯಷ್ಟು ತಾಮ್ರವನ್ನು ಎಡಗೈಯಲ್ಲಿ ಇಟ್ಟುಕೊಂಡು ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತೆ. ಅವರು ಹಾಸಿಗೆಯ ಪಕ್ಕ ಕೂತರು.

“ಅಕ್ಕಾ, ನನ್ನ ಭಸ್ಮ ಹಸಿ ಅದ. ನಾ ನಿನಗ ಹಸಿ ತಾಮ್ರ ತಿನ್ನಿಸೀನಿ.”

ಅಕ್ಕ ಆ ಕೈಯನ್ನು ಹತ್ತಿರ ಎಳೆದುಕೊಂಡು ಮಣಿಯನ್ನು ನೋಡಿದರು. “ಇಷ್ಟ ಚಂದ ಅದ ಏನು ಇದು! ನನ್ನೊಳಗ ಹೋಗಿ ಕುಂಡ್ರಬೇಕಾದ್ದು, ಹೊರಗ ಹ್ಯಾಂಗ ಹೊಳೀತದ ನೋಡು.” ಆಮೇಲೆ ತಮ್ಮನ ಮುಖ ನೋಡಿದರು. “ಹಸಿ ಅದ ಅಂತ ನೀನಾ ಹೇಳಿದೆಲ್ಲ, ಆತು. ಟಾಂಗಾ ಹೇಳು. ಮಾಸ್ತರ ಹೇಳೋ ಆ ಕಹಿ ಗುಳಿಗಿ ನುಂಗೇಬಿಡ್ತೀನಿ.”

ದವಾಖಾನೆಗೆ ನಾನೂ ಜೊತೆಗೆ ಹೋದೆ. ಟಾಂಗಾದಲ್ಲಿ ಅಕ್ಕನೇ ಮಾತಾಡುತ್ತಿದ್ದರು.

“ಮುಂದಿನ ಜನ್ಮ ಬ್ಯಾಡಪ್ಪಾ ಅಂತ ದಿನಾ ದೇವರ ಮುಂದ ಬೇಡ್ಕೋತೀನಿ ಮಾಸ್ತರ. ಅದರ ಹಿಂದಾ ಹೋದ ವರ್ಷದ ಮೈ ತಿರುಗಿ ಕೊಡು ಅಂತನೂ ಬೇಡ್ಕೋತೀನಿ. ಇಕಿಗೆ ತಿರುಗಿ ಬರೂದು ಬೇಕೋ ಬ್ಯಾಡೋ ಅಂತ ಅವನಿಗೂ ತಿಳೀವಲ್ದು ಅನಸ್ತದ.”

ಈ ಮಾತನ್ನು ನಾನು ಆಮೇಲೆ ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಲೋಹ ಹಿಂದಿನಂತಾದರೆ ಔಷಧ ಕೆಟ್ಟಿತು. ಜ್ವರ ಮರಳಿದರೆ ಮೈ ಕೆಟ್ಟಿತು. ಜೀವ ಮರಳಬಾರದೆಂದು ಪ್ರಾರ್ಥನೆ. ರೋಗಿ ಮಾತ್ರ ಮೊದಲಿನಂತಾಗಲೇಬೇಕು. ಪುನರ್ಭವ ಎಂಬ ಒಂದೇ ಮಾತಿನ ಮುಂದೆ ಆ ತಮ್ಮ ಮತ್ತು ಅಕ್ಕ ಒಂದು ಕ್ಷಣ ಕೈ ಮುಗಿದರೆ ಮರುಕ್ಷಣ ಕೈ ಅಡ್ಡ ಹಿಡಿಯುತ್ತಿದ್ದರು. ಅದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ.

ಅಕ್ಕ ಎದ್ದರು. ಒಮ್ಮೆಲೇ ಅಲ್ಲ. ಮೊದಲು ಗಂಜಿ ಒಳಗೆ ನಿಂತಿತು, ಆಮೇಲೆ ಗೋಡೆ ಹಿಡಿಯದೆ ನಡೆದರು, ಆಮೇಲೊಂದು ಬೆಳಗ್ಗೆ ಒಳಗಿನಿಂದ ಒಗ್ಗರಣೆಯ ವಾಸನೆ ಮಹಡಿಗೆ ಬಂತು. ವೈದ್ಯರು ಭರಣಿಯ ಭಸ್ಮವನ್ನು ಹೊಳೆಗೆ ಹಾಕಲಿಲ್ಲ. ಮತ್ತೆ ಗಂಧಕ ಸೇರಿಸಿ, ಮತ್ತೆ ಕುಳ್ಳು ತರಿಸಿ, ಮೊದಲಿನಿಂದ ಸುಡತೊಡಗಿದರು. ಅದು ಪಕ್ವವಾಯಿತೇ ಎಂದು ನೋಡುವ ಮುಂಚೆ ನಾನು ಊರು ಬಿಟ್ಟೆ. ಹೊರಡುವಾಗ ಅಕ್ಕ ಆ ಮಣಿಯನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿ ಕೊಟ್ಟರು. “ನಿಮಗ ನೆನಪು ನಿಲ್ಲೂದಿಲ್ಲಂತೀರಲ್ಲ, ಇದು ನೆನಪು ಇಡ್ತದ.”

ಇದನ್ನು ಬರೆಯಲು ಕೂತಾಗ ಆ ಗಂಟು ಬಿಚ್ಚಿದೆ. ನನ್ನ ನೆನಪಿನಲ್ಲಿ ಅದು ಮೆಣಸಿನ ಕಾಳಿನಷ್ಟು ದಪ್ಪಗೆ ಬೆಳೆದಿತ್ತು. ಅಂಗೈಯಲ್ಲಿ ಸಾಸಿವೆಯಷ್ಟೇ ಇತ್ತು. ಹೊಳಪು ಹೋಗಿ ಪೂರ್ತಿ ಕಪ್ಪಾಗಿತ್ತು, ಯಾರೂ ಸುಡದೆ, ಯಾರೂ ಅರೆಯದೆ. ಗಾಳಿಯಲ್ಲೇ ನಿಧಾನವಾಗಿ ಮತ್ತೆ ಭಸ್ಮದ ಬಣ್ಣಕ್ಕೆ ತಿರುಗುತ್ತಿತ್ತು. ಅದರ ಮೊದಲಿನ ಸ್ಥಿತಿ ಯಾವುದು, ಆ ಕೆಂಪೋ ಈ ಕಪ್ಪೋ ಎಂದು ಬಹಳ ಹೊತ್ತು ನೋಡುತ್ತ ಕೂತೆ. ಆಮೇಲೆ ಅಡುಗೆಮನೆಗೆ ಹೋಗಿ, ಅಕ್ಕ ತಮ್ಮ ತಾಮ್ರದ ಕೊಡಕ್ಕೆ ಹಚ್ಚುತ್ತಿದ್ದಂತೆ, ಒಂದಿಷ್ಟು ಹುಣಸೆಹಣ್ಣು ಹಚ್ಚಿ ಬೆರಳ ತುದಿಯಲ್ಲಿ ತಿಕ್ಕಿದೆ. ನೀರು ಬಿಟ್ಟದ್ದೇ ಅದು ಹಿತ್ತಿಲಿನ ಆ ದಿನದಂತೆಯೇ ಕೆಂಪಗೆ ಹೊಳೆಯಿತು.